ಜಾಂಜಿಬಾರಿನ ಗಾಳಿ, ಆಷಾಢದ ಪಟ

ಜಾಂಜಿಬಾರಿನ ಮುಖ್ಯ ದ್ವೀಪಕ್ಕೆ ಉಂಗುಜಾ ಎಂದು ಹೆಸರು. ಅದರ ಆಗ್ನೇಯ ದಂಡೆಯಲ್ಲಿ ಪಾಜೆ ಎಂಬ ಹಳ್ಳಿಯಿದೆ. ಜೂನ್ ಬಂತೆಂದರೆ ಈ ಹಳ್ಳಿಯ ಬಿಳಿ ಮರಳಿನ ಮೇಲೆ ರಜೆಗೆಂದು ಬಂದವರು ಬೆನ್ನುಚೀಲ ಬಿಚ್ಚಿ, ಪಂಪಿನಿಂದ ಗಾಳಿ ತುಂಬಿ, ಹತ್ತು ಹನ್ನೆರಡು ಚದರ ಮೀಟರಿನ ಪಟಗಳನ್ನು ಮೇಲೇರಿಸಲು ಶುರುಮಾಡುತ್ತಾರೆ. ಪಟದ ದಾರ ಸೊಂಟದ ಪಟ್ಟಿಯ ಕೊಕ್ಕೆಗೆ, ಕಾಲಡಿಗೆ ಒಂದು ಹಲಗೆ. ಪಟ ಎಳೆದಂತೆ ಹಲಗೆ ನೀರಿನ ಮೇಲೆ ಜಾರುತ್ತದೆ. ಇದೇ ಕೈಟ್‌ಸರ್ಫಿಂಗ್. ಅದೇ ನೀರಿನಲ್ಲಿ, ಅವರಿಂದ ಕೂಗಳತೆಯಲ್ಲೇ, ಮಾವಿನ ದಿಮ್ಮಿ ಕೊರೆದು ಮಾಡಿದ ‘ನ್ಗಲಾವಾ’ ದೋಣಿಗಳು ತ್ರಿಕೋನದ ಹಾಯಿ ಬಿಚ್ಚಿಕೊಂಡು ಮೀನಿಗೆ ಹೋಗಿಬರುತ್ತವೆ. ಎರಡನ್ನೂ ಓಡಿಸುವುದು ಒಂದೇ ಗಾಳಿ. ಸ್ವಾಹಿಲಿ ಜನ ಅದನ್ನು ‘ಕುಸಿ’ ಎನ್ನುತ್ತಾರೆ.

ಈ ಕುಸಿ ನಮಗೆ ದೂರದ ಗಾಳಿಯೇನೂ ಅಲ್ಲ. ಪಾಜೆಯಲ್ಲಿ ಪಟ ಎಳೆಯುವುದೂ ಆಗುಂಬೆಯಲ್ಲಿ ಮಳೆ ಸುರಿಸುವುದೂ ಒಂದೇ ಮಹಾಪ್ರವಾಹ. ದ್ವೀಪದ ರಜೆಗೆ ಹೋದ ಕನ್ನಡಿಗರು ಯಾರಾದರೂ ಜುಲೈನಲ್ಲಿ ಆ ಮರಳಿನ ಮೇಲೆ ನಿಂತಿದ್ದರೆ, ಅವರು ನಮ್ಮ ಮುಂಗಾರಿನ ದಾರಿಯಲ್ಲೇ ನಿಂತಿರುತ್ತಾರೆ. ಆ ದಾರಿಯನ್ನು ಮೊದಲು ನೋಡೋಣ.

ದಕ್ಷಿಣ ಗೋಳಾರ್ಧಕ್ಕೆ ಚಳಿಗಾಲ ಬಂದಾಗ ಮಾರಿಷಸ್, ರಿಯೂನಿಯನ್ ಮೊದಲಾದ ಮಾಸ್ಕರೇನ್ ದ್ವೀಪಗಳ ದಕ್ಷಿಣಕ್ಕೆ, ಸುಮಾರು 30 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸಿನಲ್ಲಿ, ಸಮುದ್ರದ ಮೇಲೆ ಗಾಳಿಯ ಒತ್ತಡ ಏರುತ್ತದೆ. ಹವಾಮಾನ ತಜ್ಞರು ಇದನ್ನು ಮಾಸ್ಕರೇನ್ ಅಧಿಕ ಒತ್ತಡ ಎಂದು ಕರೆಯುತ್ತಾರೆ. ಅದೇ ಹೊತ್ತಿಗೆ ಉತ್ತರದಲ್ಲಿ ಭಾರತದ ನೆಲ ಕಾದು, ಅಲ್ಲಿ ಒತ್ತಡ ಕುಸಿದಿರುತ್ತದೆ. ಒತ್ತಡ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ಗಾಳಿ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ದಕ್ಷಿಣ ಗೋಳಾರ್ಧದಲ್ಲಿ ಆ ಗಾಳಿ ತನ್ನ ಎಡಕ್ಕೆ ವಾಲುತ್ತದೆ. ಹೀಗಾಗಿ ನೇರ ಉತ್ತರಕ್ಕೆ ಹೋಗಬೇಕಾದದ್ದು ಆಗ್ನೇಯದಿಂದ ವಾಯವ್ಯಕ್ಕೆ ಬೀಸುತ್ತದೆ. ಪಾಜೆಗೆ ಬಂದು ತಲುಪುವುದು ಈ ಆಗ್ನೇಯದ ಗಾಳಿ.

ಮುಂದೆ ಅದಕ್ಕೆ ಪೂರ್ವ ಆಫ್ರಿಕಾದ ಎತ್ತರದ ನೆಲ ಗೋಡೆಯಾಗಿ ಎದುರಾಗುತ್ತದೆ. ಪಶ್ಚಿಮಕ್ಕೆ ನುಗ್ಗಲು ಜಾಗವಿಲ್ಲದೆ ಗಾಳಿ ಆ ಗೋಡೆಗುಂಟ ಉತ್ತರಕ್ಕೆ ತಿರುಗುತ್ತದೆ, ಇಕ್ಕಟ್ಟಿನಲ್ಲಿ ವೇಗ ಪಡೆಯುತ್ತದೆ, ಕೀನ್ಯಾ–ಸೊಮಾಲಿಯಾದ ಕರಾವಳಿಯಲ್ಲಿ ಸಮಭಾಜಕ ವೃತ್ತ ದಾಟುತ್ತದೆ. ದಾಟಿದ ಮೇಲೆ ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ ಬಾಗಿಸುತ್ತದೆ. ಆಗ್ನೇಯದಿಂದ ಹೊರಟ ಗಾಳಿ ಅರಬ್ಬಿ ಸಮುದ್ರದ ಮೇಲೆ ನೈಋತ್ಯದ ಗಾಳಿಯಾಗುವುದು ಹೀಗೆ. ನೆಲದಿಂದ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಈ ಪ್ರವಾಹ ಅತ್ಯಂತ ಬಿರುಸಾಗಿರುತ್ತದೆ. ಬ್ರಿಟಿಷ್ ಹವಾಮಾನ ವಿಜ್ಞಾನಿ ಜಾನ್ ಫಿಂಡ್‌ಲೇಟರ್ 1969ರಲ್ಲಿ ಪ್ರಕಟಿಸಿದ ಅಧ್ಯಯನ, ಸಮಭಾಜಕವನ್ನು ದಾಟುವ ಗಾಳಿಯ ದೊಡ್ಡ ಪಾಲು ಆಫ್ರಿಕಾದ ಅಂಚಿನ ಈ ಕಿರಿದಾದ ಓಣಿಯಲ್ಲೇ ಹಾಯುತ್ತದೆ ಎಂದು ತೋರಿಸಿತು. ಈಗ ಅದಕ್ಕೆ ಫಿಂಡ್‌ಲೇಟರ್ ಜೆಟ್ ಎಂಬ ಹೆಸರೇ ಇದೆ. ದಾರಿಯುದ್ದಕ್ಕೂ ಸಮುದ್ರದ ನೀರನ್ನು ಆವಿಯಾಗಿ ಹೊತ್ತು ತಂದ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಜಾಂಜಿಬಾರಿನಿಂದ ಮಂಗಳೂರಿಗೆ ಈ ಬಾಗಿದ ದಾರಿಯಲ್ಲಿ ಸುಮಾರು 5,000 ಕಿಲೋಮೀಟರ್. ಸೆಕೆಂಡಿಗೆ 12 ಮೀಟರ್ ವೇಗ ಹಿಡಿದರೆ ಐದು ದಿನದ ಪ್ರಯಾಣ.

ಈ ಲೆಕ್ಕ ಗೊತ್ತಿಲ್ಲದೆಯೂ ನಾವಿಕರು ಶತಮಾನಗಳಿಂದ ಇದನ್ನು ಬಳಸುತ್ತಾ ಬಂದರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸುತ್ತದೆ, ಅದು ‘ಕಸ್ಕಾಜಿ’. ಅರೇಬಿಯಾ ಮತ್ತು ಭಾರತದ ಹಾಯಿಹಡಗುಗಳು ಕಸ್ಕಾಜಿಯಲ್ಲಿ ಆಫ್ರಿಕಾಕ್ಕೆ ಇಳಿದು, ಕುಸಿಯಲ್ಲಿ ಮನೆಗೆ ಮರಳುತ್ತಿದ್ದವು. ಆಸ್ಟ್ರೇಲಿಯಾದ ನಾವಿಕ ಬರಹಗಾರ ಅಲನ್ ವಿಲ್ಲಿಯರ್ಸ್ 1938–39ರಲ್ಲಿ ಕುವೈತಿನ ಹಾಯಿಹಡಗೊಂದರಲ್ಲಿ ಜಾಂಜಿಬಾರಿಗೆ ಹೋದಾಗಲೂ ಈ ಪದ್ಧತಿ ಜೀವಂತವಾಗಿತ್ತು. ಆದರೆ ಕುಸಿ ಪೂರ್ತಿ ಬಿರುಸಾದ ಜೂನ್, ಜುಲೈನಲ್ಲಿ ಭಾರತದ ಕಡೆಗೆ ಬರುವ ಸಾಹಸ ಯಾರೂ ಮಾಡುತ್ತಿರಲಿಲ್ಲ. ಋತುವಿನ ಮೊದಲ ಗಾಳಿ ಹಿಡಿದು ಏಪ್ರಿಲ್, ಮೇ ಹೊತ್ತಿಗೆ ಬರಬೇಕು, ಇಲ್ಲವೇ ಆಗಸ್ಟ್ ಕೊನೆಯವರೆಗೆ ಕಾಯಬೇಕು. ನಮ್ಮ ಕರಾವಳಿಯಲ್ಲಿ ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೀನಿನ ಸಂತಾನ ಉಳಿಯಲಿ ಎಂಬುದು ಅದರ ಉದ್ದೇಶ. ಹಿಂದಿನವರಿಗೆ ಆ ಎರಡು ತಿಂಗಳು ಕಡಲೇ ಬಾಗಿಲು ಹಾಕಿಕೊಳ್ಳುವ ಕಾಲ.

ಗಾಳಿಯ ಕ್ಯಾಲೆಂಡರ್ ಗೌರವಿಸಿದರೆ ಏನಾಗುತ್ತದೆ, ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ವಾಸ್ಕೊ ಡ ಗಾಮನ ಯಾನವೇ ಸಾಕು. 1498ರ ಏಪ್ರಿಲ್ 24ರಂದು ಅವನು ಈಗಿನ ಕೀನ್ಯಾದ ಮಾಲಿಂದಿಯಿಂದ, ದಾರಿ ಬಲ್ಲ ಸ್ಥಳೀಯ ಮಾರ್ಗದರ್ಶಿಯ ಜೊತೆ ಹೊರಟ. ನಾಲ್ಕು ವಾರದೊಳಗೆ ಕಲ್ಲಿಕೋಟೆಯ ಕರಾವಳಿಯಲ್ಲಿದ್ದ. ಮರಳುವಾಗ ಹಾಗಾಗಲಿಲ್ಲ. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ಹಡಗು ದುರಸ್ತಿ ಮಾಡಿಕೊಂಡು ಅಕ್ಟೋಬರ್ ಮೊದಲ ವಾರದಲ್ಲೇ ಪಶ್ಚಿಮಕ್ಕೆ ಹೊರಟುಬಿಟ್ಟ. ಅದು ಮುಂಗಾರಿನ ಗಾಳಿ ಸತ್ತು ಕಸ್ಕಾಜಿ ಇನ್ನೂ ಹುಟ್ಟದ ನಡುಗಾಲ. ಒಂದು ದಿನ ಎದುರುಗಾಳಿ, ಒಂದು ದಿನ ಗಾಳಿಯೇ ಇಲ್ಲ. ಆಫ್ರಿಕಾ ಕಾಣುವ ಹೊತ್ತಿಗೆ ಜನವರಿ ಬಂದಿತ್ತು, ಸ್ಕರ್ವಿ ರೋಗ ಸುಮಾರು 30 ನಾವಿಕರನ್ನು ತಿಂದಿತ್ತು. ಎರಡು ತಿಂಗಳು ಕಾದಿದ್ದರೆ ಅವರಲ್ಲಿ ಹೆಚ್ಚಿನವರು ಬದುಕುತ್ತಿದ್ದರು ಎಂದೇ ನಾನು ನಂಬುತ್ತೇನೆ.

ಹಾಗಾದರೆ ಹಾಯಿ ಗಾಳಿ ತಳ್ಳಿದತ್ತ ಮಾತ್ರ ಹೋಗಬಲ್ಲುದೇ? ಇಲ್ಲ. ಹಾಯಿಯ ಭೌತವಿಜ್ಞಾನದ ಸೊಗಸಿರುವುದೇ ಇಲ್ಲಿ. ಬಾಗಿದ ಬಟ್ಟೆಯ ಅಂಚನ್ನು ಗಾಳಿಗೆ ಓರೆಯಾಗಿ ಹಿಡಿದರೆ ಅದು ಗಾಳಿಯ ದಿಕ್ಕನ್ನು ತಿರುಗಿಸುತ್ತದೆ. ಹಾಗೆ ತಿರುಗಿಸಿದ್ದಕ್ಕೆ ಪ್ರತಿಯಾಗಿ ಬಟ್ಟೆಯ ಮೇಲೆ ಒಂದು ಬಲ ಬೀಳುತ್ತದೆ, ಅದು ಹೆಚ್ಚುಕಡಿಮೆ ಗಾಳಿಗೆ ಅಡ್ಡಲಾಗಿರುತ್ತದೆ. ವಿಮಾನದ ರೆಕ್ಕೆಯನ್ನು ಎತ್ತುವುದೂ ಇದೇ ಬಲ. ಈ ಬಲದ ಹೆಚ್ಚಿನ ಭಾಗ ದೋಣಿಯನ್ನು ಪಕ್ಕಕ್ಕೆ ದೂಡಲು ನೋಡುತ್ತದೆ, ಸ್ವಲ್ಪ ಭಾಗ ಮುಂದಕ್ಕೆ. ಪಕ್ಕಕ್ಕೆ ಜಾರದಂತೆ ತಡೆಯುವುದು ನೀರಿನೊಳಗಿನ ಒಡಲಿನ ಕೆಲಸ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಹಾಗಾಗಿ ದೊಡ್ಡ ಹಾಯಿಯ ದೂಡುವಿಕೆಗೆ ಪುಟ್ಟ ಒಡಲು ಎದುರು ನಿಲ್ಲಬಲ್ಲದು. ಎರಡು ಬೆರಳಿನ ನಡುವೆ ಒತ್ತಿದ ಒದ್ದೆ ಹುಣಸೆಬೀಜ ಚಿಮ್ಮುವಂತೆ, ಗಾಳಿಯ ಬಲ ಮತ್ತು ನೀರಿನ ಬಲದ ನಡುವೆ ಸಿಕ್ಕಿದ ದೋಣಿ ಮುಂದಕ್ಕೆ ಹೊರಡುತ್ತದೆ. ಗಾಳಿಯ ಎದುರಿಗೆ ನೇರವಾಗಿ ಹೋಗಲಾಗದಿದ್ದರೂ ಒಮ್ಮೆ ಬಲಕ್ಕೆ ಓರೆ, ಒಮ್ಮೆ ಎಡಕ್ಕೆ ಓರೆ ಹೊಡೆಯುತ್ತ ಎದುರುಗಾಳಿಯ ಊರನ್ನೂ ಮುಟ್ಟಬಹುದು.

ಇಂದಿನ ಕ್ರೀಡಾದೋಣಿಗಳು ಗಾಳಿಯ ದಿಕ್ಕಿಗೆ 45 ಡಿಗ್ರಿಯ ಆಸುಪಾಸಿನಲ್ಲಿ ಹೋಗಬಲ್ಲವು. ನ್ಗಲಾವಾಕ್ಕೆ ಅದು ಸಾಧ್ಯವಿಲ್ಲ. ಅದರ ಒಡಲು ಇಕ್ಕಟ್ಟು, ನೀರಿನೊಳಗೆ ಆಳಕ್ಕಿಳಿಯುವ ಭಾಗ ಕಡಿಮೆ. ಮಗುಚಿಕೊಳ್ಳದಂತೆ ಎರಡೂ ಪಕ್ಕಕ್ಕೆ ಅಡ್ಡಮರ ಚಾಚಿ, ತುದಿಗೆ ತೇಲುಹಲಗೆ ಕಟ್ಟಿರುತ್ತಾರೆ. ಹವಳದ ದಿಬ್ಬದ ಮೇಲಿನ ತೆಳುನೀರಿನಲ್ಲಿ ತಳ ತಾಗದೆ ಹಾಯಬೇಕಾದ ದೋಣಿಗೆ ಆಳದ ಒಡಲು ಇದ್ದೂ ಪ್ರಯೋಜನವಿಲ್ಲ. ಅಲ್ಲಿನ ಮೀನುಗಾರ ಏನನ್ನು ಬಿಟ್ಟು ಏನನ್ನು ಉಳಿಸಿಕೊಂಡಿದ್ದಾನೆ ಎಂದು ನೋಡಿದರೆ, ಆ ದೋಣಿಯ ಒಂದೊಂದು ಅಳತೆಯಲ್ಲೂ ಆ ಕಡಲಿನ ತಿಳಿವಳಿಕೆ ಕಾಣುತ್ತದೆ.

ಪಟದ ಕಥೆ ಹಾಯಿಗಿಂತ ಬೇರೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾಮಾಸ್ತರ ಜಾರ್ಜ್ ಪೊಕಾಕ್ 1826ರಲ್ಲೇ ಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದಿದ್ದ. 1903ರಲ್ಲಿ ಸ್ಯಾಮ್ಯುಯೆಲ್ ಕೋಡಿ ಪಟಕ್ಕೆ ಕಟ್ಟಿದ ದೋಣಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದ. ಆದರೂ ನೀರಿನ ಮೇಲೆ ಪಟ ಜನಪ್ರಿಯವಾಗಲಿಲ್ಲ, ಏಕೆಂದರೆ ಒಮ್ಮೆ ನೀರಿಗೆ ಬಿದ್ದ ಪಟ ಮತ್ತೆ ಮೇಲೇಳುತ್ತಿರಲಿಲ್ಲ. ಈ ಒಂದು ತೊಡಕನ್ನು ಬಿಡಿಸಿದವರು ಫ್ರಾನ್ಸಿನ ಬ್ರಿಟನಿಯ ಸಹೋದರರಾದ ಬ್ರೂನೊ ಮತ್ತು ಡೊಮಿನಿಕ್ ಲೆಗೆನ್ಯೂ. 1984ರಲ್ಲಿ ಅವರು ಪೇಟೆಂಟ್ ಮಾಡಿದ ಪಟದ ಮುಂದಿನ ಅಂಚೇ ಗಾಳಿ ತುಂಬಿದ ಕೊಳವೆ. ಬಿದ್ದರೂ ತೇಲುತ್ತದೆ, ಬಾಗಿದ ಆಕಾರ ಬಿಡುವುದಿಲ್ಲ, ದಾರ ಜಗ್ಗಿದರೆ ಅಂಚು ಗಾಳಿಗೆ ಸಿಕ್ಕಿ ತಾನೇ ಮೇಲೇಳುತ್ತದೆ. ಪಾಜೆಯ ಮರಳಿನಲ್ಲಿ ಕೇಳಿಸುವ ಪಂಪಿನ ಸದ್ದಿನ ಮೂಲ ಆ ಪೇಟೆಂಟಿನಲ್ಲಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಯಿ ಸ್ಪರ್ಧೆಗಳಲ್ಲಿ, ಮಾರ್ಸೆಯ ಕಡಲಲ್ಲಿ, ಪಟಕ್ಕೂ ಮೊದಲ ಬಾರಿಗೆ ಪದಕ ಸಿಕ್ಕಿತು.

ಪಟಕ್ಕೂ ಹಾಯಿಗೂ ಇರುವ ನಿಜವಾದ ವ್ಯತ್ಯಾಸ ಚಲನೆಯಲ್ಲಿದೆ. ಹಾಯಿ ಕಂಬಕ್ಕೆ ಕಟ್ಟಿಕೊಂಡಿರುತ್ತದೆ, ದೋಣಿ ಎಷ್ಟು ಓಡಿದರೆ ಅದೂ ಅಷ್ಟೇ. ಇಪ್ಪತ್ತು, ಇಪ್ಪತ್ತೈದು ಮೀಟರ್ ದಾರದ ತುದಿಯಲ್ಲಿರುವ ಪಟವಾದರೋ ಸವಾರ ನಿಂತಲ್ಲೇ ಇದ್ದರೂ ಆಕಾಶದಲ್ಲಿ ಅತ್ತಿತ್ತ ಓಡಬಲ್ಲದು. ಹೀಗೆ ಓಡುವಾಗ ಅದಕ್ಕೆ ತಾಗುವುದು ಕಡಲ ಗಾಳಿಯೊಂದೇ ಅಲ್ಲ, ತನ್ನ ಓಟದಿಂದ ತಾನೇ ಹುಟ್ಟಿಸಿಕೊಂಡ ಗಾಳಿಯೂ ಸೇರುತ್ತದೆ. ಬೈಕಿನಲ್ಲಿ ಹೋಗುವವರಿಗೆ ಗಾಳಿಯಿಲ್ಲದ ದಿನವೂ ಮುಖಕ್ಕೆ ಗಾಳಿ ಬಡಿಯುವುದು ಇದೇ ಕಾರಣಕ್ಕೆ. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ.

ಲೆಕ್ಕ ಹಾಕಿ ನೋಡಿ. ಪಾಜೆಯಲ್ಲಿ ಗಾಳಿ ಸೆಕೆಂಡಿಗೆ 8 ಮೀಟರ್ ಇದೆ ಎನ್ನೋಣ, ಅಂದರೆ ಗಂಟೆಗೆ ಸುಮಾರು 29 ಕಿಲೋಮೀಟರ್, ಸವಾರರ ಭಾಷೆಯಲ್ಲಿ 15 ನಾಟ್. ಹತ್ತು ಚದರ ಮೀಟರಿನ ಪಟ ಸುಮ್ಮನೆ ನಿಂತಿದ್ದರೆ ಅದರ ಎಳೆತ ಸುಮಾರು 30 ಕಿಲೋ ತೂಕದಷ್ಟು. ಅದೇ ಪಟವನ್ನು ಗಾಳಿಗೆ ಅಡ್ಡಲಾಗಿ ಸೆಕೆಂಡಿಗೆ 16 ಮೀಟರ್ ವೇಗದಲ್ಲಿ ಹಾಯಿಸಿದರೆ ಅದಕ್ಕೆ ತಾಗುವ ಗಾಳಿ ಸುಮಾರು 18 ಮೀಟರ್ ಆಗುತ್ತದೆ. ಎಳೆತ ಐದು ಪಟ್ಟು, ಹೆಚ್ಚುಕಡಿಮೆ 150 ಕಿಲೋ. ಗಾಳಿ ಒಂದಿಷ್ಟೂ ಹೆಚ್ಚಾಗಿಲ್ಲ, ಬದಲಾದದ್ದು ಪಟದ ಓಟ ಮಾತ್ರ. ಸವಾರ ನೀರಿನಿಂದ ಹತ್ತಾರು ಅಡಿ ಮೇಲಕ್ಕೆ ಜಿಗಿಯುವುದು ಈ ಐದು ಪಟ್ಟಿನ ಬಲದಿಂದ. ದಂಡೆಯ ಮೇಲೆ ನಿಂತು ಕಲಿಯುವವರು ಪಟವನ್ನು ತಪ್ಪಾಗಿ ಧುಮುಕಿಸಿ ಮರಳಿನ ಮೇಲೆ ಎಳೆದೊಯ್ಯಲ್ಪಡುವುದೂ ಇದರಿಂದಲೇ. ಅದಕ್ಕಾಗಿ ಸೊಂಟದ ಕೊಕ್ಕೆಯ ಹತ್ತಿರ, ಒಮ್ಮೆ ತಳ್ಳಿದರೆ ಪಟದ ಬಲವೆಲ್ಲ ಬಿಟ್ಟುಹೋಗುವ ಬಿಡುಗಡೆಯ ಕೀಲು ಇರುತ್ತದೆ. ನೀರಿಗಿಳಿಯುವ ಮೊದಲು ಅದನ್ನು ಕಣ್ಣು ಮುಚ್ಚಿ ಮುಟ್ಟಿ ಬಿಡಿಸಲು ಬರಬೇಕು. ಅದನ್ನು ಕಲಿಸದೆ ಪಟ ಕೈಗೆ ಕೊಡುವವರ ಹತ್ತಿರ ಕಲಿಯಬೇಡಿ.

ಗಾಳಿಯ ವೇಗಕ್ಕಿಂತ ಅದು ದಂಡೆಗೆ ಯಾವ ಕೋನದಲ್ಲಿ ಬೀಸುತ್ತದೆ ಎಂಬುದು ಜೀವದ ಪ್ರಶ್ನೆ. ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಪಟ ಕೈಕೊಟ್ಟರೆ ಸವಾರ ಸಾಗರದ ಪಾಲು. ಕಡಲಿನಿಂದ ನೇರ ದಂಡೆಗೆ ಬೀಸಿದರೆ ಹೊರಡುವುದೇ ಕಷ್ಟ, ಬಿದ್ದರೆ ಮರಗಳಿಗೆ ಬಡಿಯುವ ಭಯ. ದಂಡೆಗೆ ಓರೆಯಾಗಿ, ಸ್ವಲ್ಪ ಒಳಮುಖವಾಗಿ ಬೀಸುವುದೇ ಒಳ್ಳೆಯದು. ಪಾಜೆಯ ದಂಡೆ ಪೂರ್ವಕ್ಕೆ ಮುಖಮಾಡಿದೆ. ಆಗ್ನೇಯದ ಕುಸಿ ಅದಕ್ಕೆ ಬಲಗಡೆಯಿಂದ ಓರೆ, ಈಶಾನ್ಯದ ಕಸ್ಕಾಜಿ ಎಡಗಡೆಯಿಂದ ಓರೆ. ವರ್ಷದ ಎರಡು ಋತುಗಳೂ ಒಂದೇ ದಂಡೆಗೆ ಹೊಂದಿಕೊಂಡದ್ದು ಭೂಗೋಳದ ಅಪರೂಪದ ಕೊಡುಗೆ. ಜೊತೆಗೆ ಹೊರಗಡೆ ಹವಳದ ದಿಬ್ಬವಿದೆ. ಸಾಗರದ ದೊಡ್ಡ ಅಲೆಗಳು ಅದರ ಮೇಲೆ ಒಡೆದು ಅಲ್ಲೇ ಬಲ ಕಳೆದುಕೊಳ್ಳುತ್ತವೆ, ಗಾಳಿ ಮಾತ್ರ ಅಡ್ಡಿಯಿಲ್ಲದೆ ಒಳಗೆ ಬರುತ್ತದೆ. ದಿಬ್ಬಕ್ಕೂ ದಂಡೆಗೂ ನಡುವಿನ ಲಗೂನಿನಲ್ಲಿ ಗಾಳಿಯಿದ್ದೂ ಅಲೆಯಿಲ್ಲ.

ಜುಲೈನಲ್ಲಿ ಮಲ್ಪೆಯಲ್ಲೂ ಗಾಳಿಗೆ ಕೊರತೆಯಿಲ್ಲ. ಆದರೆ ಅಲ್ಲಿ ದಂಡೆಯುದ್ದಕ್ಕೂ ಅಲೆ ತಡೆಯುವ ಹವಳದ ದಿಬ್ಬವಿಲ್ಲ, ಗಾಳಿ ಬರುವುದು ಕಡಲಿನಿಂದ ನೇರ ದಂಡೆಗೆ, ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಬೆಳೆದ ಅಲೆಗಳು ಮರಳಿನ ಮೇಲೆಯೇ ಒಡೆಯುತ್ತವೆ. ಒಂದೇ ಪ್ರವಾಹ ಒಂದು ಕಡೆ ರಜೆಯ ಆಟ, ಇನ್ನೊಂದು ಕಡೆ ಕಡಲ್ಕೊರೆತ.

ಲಗೂನಿನ ನೀರು ದಿನಕ್ಕೆರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದಾಗ ಜಾಂಜಿಬಾರಿನಲ್ಲಿ ಭರತಕ್ಕೂ ಇಳಿತಕ್ಕೂ ನಡುವೆ ನಾಲ್ಕು ಮೀಟರಿನಷ್ಟು ವ್ಯತ್ಯಾಸ. ಮಂಗಳೂರಿನಲ್ಲಿ ಇದು ಎರಡು ಮೀಟರ್ ಮುಟ್ಟುವುದಿಲ್ಲ. ದೊಡ್ಡ ಇಳಿತದ ದಿನ ಪಾಜೆಯ ಲಗೂನಿನಲ್ಲಿ ದಿಬ್ಬದ ಕಡೆಗೆ ಬಹುದೂರ ನಡೆದೇ ಹೋಗಬಹುದು. ಆಗ ಗೂಟಗಳ ಸಾಲು ಕಾಣಿಸುತ್ತದೆ. ಗೂಟದಿಂದ ಗೂಟಕ್ಕೆ ಹಗ್ಗ, ಹಗ್ಗಕ್ಕೆ ಗೇಣಿಗೊಂದು ಕಟ್ಟಿದ ಸಮುದ್ರಪಾಚಿಯ ಕಂತೆ. ಮೊಣಕಾಲಷ್ಟು ನೀರಿನಲ್ಲಿ ಬಗ್ಗಿ ಅದನ್ನು ಕಟ್ಟುವವರು, ಕೊಯ್ಯುವವರು, ತಲೆಯ ಮೇಲೆ ಹೊತ್ತು ದಂಡೆಗೆ ತರುವವರು ಹೆಚ್ಚಾಗಿ ಹೆಂಗಸರು. ಪಾಜೆ ಮತ್ತು ಪಕ್ಕದ ಜಂಬಿಯಾನಿಯಲ್ಲಿ ಈ ಕೃಷಿ 1989ರಲ್ಲಿ ಶುರುವಾಯಿತು. ಒಣಗಿಸಿದ ಪಾಚಿಯಿಂದ ಕ್ಯಾರಜೀನನ್ ಎಂಬ ಅಂಟು ತೆಗೆಯುತ್ತಾರೆ, ಟೂತ್‌ಪೇಸ್ಟು, ಐಸ್‌ಕ್ರೀಮು ಹದವಾಗಿ ನಿಲ್ಲುವುದು ಅದರಿಂದ. ಅನೇಕ ಮನೆಗಳಲ್ಲಿ ಹೆಂಗಸರ ಕೈಗೆ ತಮ್ಮದೇ ದುಡ್ಡು ಬಂದದ್ದು ಈ ಬೆಳೆಯಿಂದ.

ಭರತ ಬಂದಾಗ ಅದೇ ಗೂಟಗಳ ಮೇಲೆ ಪಟದ ಸವಾರರು ಹಾಯುತ್ತಾರೆ. ಬಿದ್ದವರ ಕಾಲಿಗೆ ಗೂಟ ಚುಚ್ಚುತ್ತದೆ, ಹಲಗೆ ತಾಗಿ ಹಗ್ಗ ಹರಿಯುತ್ತದೆ. ಇಬ್ಬರಿಗೂ ಬೇಕಾದದ್ದು ಒಂದೇ ತೆಳುನೀರು. ಇದಕ್ಕಿಂತ ದೊಡ್ಡ ಕಷ್ಟ ನೀರಿನ ಬಿಸಿಯದ್ದು. ಲಗೂನಿನ ನೀರು ಕಾದಾಗ, ಒಳ್ಳೆಯ ಬೆಲೆ ಸಿಗುವ ತಳಿಯ ಪಾಚಿ ಬಿಳಿಚಿಕೊಂಡು ಮುರಿದು ಬೀಳುತ್ತದೆ. ಉಳಿಸಿಕೊಳ್ಳಬೇಕಾದರೆ ತಂಪಾದ ಆಳದ ನೀರಿಗೆ ಹೋಗಬೇಕು, ಆದರೆ ಈ ಹೆಂಗಸರಲ್ಲಿ ಅನೇಕರಿಗೆ ಈಜು ಬಾರದು. ಜಾಂಜಿಬಾರಿನ ಪಾಚಿ ಸಂಶೋಧಕಿ ಫ್ಲವರ್ ಮ್ಸುಯಾ ಅವರು ಆಳದ ನೀರಿಗೆ ಹೊಂದುವ ಕೊಳವೆಬಲೆಯ ವಿಧಾನವನ್ನು ಅವರ ಜೊತೆ ಪ್ರಯೋಗ ಮಾಡಿದ್ದಾರೆ. ರಜೆಗೆ ಬರುವವರು ಇಳಿತದ ಹೊತ್ತಿನಲ್ಲಿ ಆ ಸಾಲುಗಳನ್ನು ಒಮ್ಮೆ ನಡೆದು ನೋಡಿ, ಗೂಟಗಳಿರುವ ಕಡೆ ಪಟ ಹಾಯಿಸದಿರುವುದು ಕನಿಷ್ಠ ಮರ್ಯಾದೆ. ಆ ನೀರು ಮೊದಲು ಆ ಹೆಂಗಸರ ಹೊಲ.

ಇನ್ನು ಗಾಳಿಯ ದಾರಿಯ ಕೊನೆಯ ತುಂಡು. ಘಟ್ಟದ ಪಶ್ಚಿಮಕ್ಕೆ ಮಳೆ ಸುರಿಸಿ ಹಗುರಾದ ಗಾಳಿ ಘಟ್ಟದ ಮೇಲಿನಿಂದ ಬಯಲುಸೀಮೆಗೆ ಇಳಿಯುತ್ತದೆ. ಮಳೆ ಕಡಿಮೆ, ಗಾಳಿ ಭರ್ತಿ. ಹಳೇ ಮೈಸೂರಿನ ಕಡೆ ಪಟ ಹಾರಿಸುವುದು ಸಂಕ್ರಾಂತಿಗಲ್ಲ, ಆಷಾಢಕ್ಕೆ. ದೊಡ್ಡಬಳ್ಳಾಪುರದ ಗಾಳಿಪಟದ ಹಬ್ಬ ನಡೆಯುವುದೂ ಆಷಾಢದಲ್ಲೇ. ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದ ಸೀಮೆಯ ಗಾಳಿಯಂತ್ರಗಳು ಬಿರುಸಾಗಿ ತಿರುಗುವ ಕಾಲವೂ ಅದೇ, ರಾಜ್ಯದ ಗಾಳಿ ವಿದ್ಯುತ್ತಿನ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುತ್ತದೆ.

ಆ ಯಂತ್ರದ ರೆಕ್ಕೆ ಮಾಡುವುದು ಪಾಜೆಯ ಪಟ ಮಾಡುವ ಕೆಲಸವನ್ನೇ, ಗಾಳಿಗೆ ಅಡ್ಡಲಾಗಿ ಓಡಿ ಬಲ ಹೆಚ್ಚಿಸಿಕೊಳ್ಳುವುದು. ರೆಕ್ಕೆ ಸವರುವ ವೃತ್ತದಲ್ಲಿ ಹೊರಗಿನ ಮೂರನೇ ಒಂದು ಉದ್ದದ ಪಾಲಿಗೆ ಒಂಬತ್ತರಲ್ಲಿ ಐದು ಭಾಗದ ವಿಸ್ತೀರ್ಣ ಸೇರುತ್ತದೆ. ಬುಡದ ಪಾಲು ಕಡಿಮೆ, ಕಂಬದ್ದು ಬರೀ ಹೊರುವ ಕೆಲಸ. ಹಾಗಿದ್ದರೆ ತುದಿಯನ್ನಷ್ಟೇ ಉಳಿಸಿಕೊಂಡು, ಬುಡ ಮತ್ತು ಕಂಬದ ಬದಲು ಒಂದು ದಾರ ಕಟ್ಟಿದರೆ ಹೇಗೆ? ಅಮೆರಿಕದ ಎಂಜಿನಿಯರ್ ಮೈಲ್ಸ್ ಲಾಯ್ಡ್ 1980ರಲ್ಲಿ ಅಡ್ಡ ಹಾರುವ ಪಟದಿಂದ ಎಷ್ಟು ವಿದ್ಯುತ್ ತೆಗೆಯಬಹುದೆಂದು ಲೆಕ್ಕ ಹಾಕಿ ಪ್ರಕಟಿಸಿದರು. ಜರ್ಮನಿಯ ಸ್ಕೈಸೇಲ್ಸ್ ಕಂಪನಿ ಅಂಥದೊಂದು ಯಂತ್ರವನ್ನು ಮಾರಿಷಸ್‌ನಲ್ಲಿ, ಅದೇ ಆಗ್ನೇಯದ ಗಾಳಿ ಬೀಸುವ ದ್ವೀಪದಲ್ಲಿ, ಸ್ಥಾಪಿಸಿದೆ. ಪಟ ನೂರಾರು ಮೀಟರ್ ಎತ್ತರದಲ್ಲಿ ಎಂಟರ ಆಕಾರದಲ್ಲಿ ಅಡ್ಡಾಡುತ್ತ ಮೇಲೇರುತ್ತದೆ, ಅದರ ಎಳೆತಕ್ಕೆ ನೆಲದ ಮೇಲಿನ ಉರುಳೆಯಿಂದ ಹಗ್ಗ ಬಿಚ್ಚಿಕೊಳ್ಳುತ್ತದೆ, ಉರುಳೆ ಜನರೇಟರನ್ನು ತಿರುಗಿಸುತ್ತದೆ. ಹಗ್ಗ ಮುಗಿದಾಗ ಪಟವನ್ನು ಬಲವಿಲ್ಲದ ಕೋನಕ್ಕೆ ತಿರುಗಿಸಿ, ಉತ್ಪಾದಿಸಿದ ವಿದ್ಯುತ್ತಿನ ಸಣ್ಣ ಪಾಲು ಖರ್ಚುಮಾಡಿ, ಮತ್ತೆ ಒಳಗೆಳೆದುಕೊಳ್ಳುತ್ತಾರೆ.